ಸಣ್ಣ ವ್ಯಾಪಾರಿಗಳೂ ನಿಸ್ತಂತು ರೂಟರೂ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ನಮ್ಮ ಈ ನಾಲ್ಕು ಊರುಗಳ ಯಾವ ಪೇಟೆಬೀದಿಗೆ ಹೋದರೂ ಅಂಗಡಿಯ ಗೋಡೆಯ ಮೇಲೆ, ದೇವರ ಪಟದ ಪಕ್ಕದಲ್ಲಿಯೋ ವಿದ್ಯುತ್ ಮೀಟರಿನ ಕೆಳಗಡೆಯೋ, ಎರಡು ಮೂರು ಕೊಂಬುಗಳನ್ನು ಚಾಚಿಕೊಂಡು ಹಸಿರು ದೀಪವನ್ನು ಮಿಣುಕಿಸುತ್ತ ಕುಳಿತಿರುವ ಒಂದು ಪುಟ್ಟ ಪೆಟ್ಟಿಗೆಯನ್ನು ಕಾಣಬಹುದು. ಜನರು ಅದನ್ನು ‘ವೈಫೈ ಬಾಕ್ಸು’ ಎನ್ನುವರು. ‘ನೆಟ್ ಡಬ್ಬ’ ಎಂದು ಕರೆಯುವವರೂ ಉಂಟು. ಅದರ ಸರಿಯಾದ ಹೆಸರು ರೂಟರು. ರಾತ್ರಿ ಅಂಗಡಿಗೆ ಬೀಗ ಹಾಕಿ, ಎರಡೆರಡು ಸಲ ಎಳೆದು ನೋಡಿ, ಕೈಮುಗಿದು ಮನೆಗೆ ಹೋಗುವ ವ್ಯಾಪಾರಿಯು ಈ ಪೆಟ್ಟಿಗೆಯೂ ತನ್ನ ಅಂಗಡಿಗೆ ಇರುವ ಒಂದು ಬಾಗಿಲೇ ಎಂಬುದನ್ನು ಸಾಮಾನ್ಯವಾಗಿ ಯೋಚಿಸುವುದಿಲ್ಲ. ಆ ಬಾಗಿಲು ರಾತ್ರಿಯೂ ತೆರೆದಿರುತ್ತದೆ. ಅದರ ರಚನೆ ಎಂತಹುದು, ಅದಕ್ಕೆ ಎಂತಹ ಬೀಗವಿರಬೇಕು, ನಮ್ಮ ಕಡೆಯ ಸಣ್ಣ ವ್ಯಾಪಾರಿಯು ಅದನ್ನು ಕೊಳ್ಳುವಾಗ ಯಾವ ಲಕ್ಷಣಗಳನ್ನು ನೋಡಬೇಕು ಎಂಬುದನ್ನು ನಾನು ಓದಿ ಕೇಳಿ ತಿಳಿದ ಮಟ್ಟಿಗೆ ವಿವರಿಸುವುದೇ ಈ ಲೇಖನದ ಉದ್ದೇಶ.

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಯಂತ್ರದ ಮಾತು ಏತಕ್ಕೆ ಎಂದು ಕೆಲವರು ಕೇಳಬಹುದು. ಅವರಿಗೆ ಮೈಸೂರಿನದೇ ಒಂದು ನಿದರ್ಶನವನ್ನು ಕೊಡುತ್ತೇನೆ. 1935ನೆಯ ಇಸವಿ ಸೆಪ್ಟೆಂಬರ್ 10ರಂದು ಮೈಸೂರಿನಲ್ಲಿ ಮೊದಲ ಬಾನುಲಿ ಕೇಂದ್ರವನ್ನು ತಮ್ಮ ಮನೆಯಲ್ಲಿಯೇ ಆರಂಭಿಸಿದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಇಂಜಿನಿಯರರಲ್ಲ; ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ‘ಆಕಾಶವಾಣಿ’ ಎಂಬ ಸುಂದರವಾದ ಹೆಸರು ಬಳಕೆಗೆ ಬಂದುದೂ ಆ ಕೇಂದ್ರದಿಂದಲೇ. ಮನಶ್ಶಾಸ್ತ್ರದ ಪ್ರಾಧ್ಯಾಪಕರೊಬ್ಬರು ನಾಡಿಗೆ ನಿಸ್ತಂತುವನ್ನು ತಂದಿರುವಾಗ, ಕಲಾ ವಿದ್ಯಾರ್ಥಿಯೊಬ್ಬನು ಅದೇ ನಿಸ್ತಂತುವಿನ ಇಂದಿನ ಮರಿಯ ವಿಷಯವಾಗಿ ನಾಲ್ಕು ಮಾತು ಬರೆಯುವುದು ಅತಿಕ್ರಮವೆನಿಸಲಾರದು. ಮೇಲಾಗಿ, ನಮ್ಮ ತರಗತಿಗಳಲ್ಲಿ ಕುಳಿತಿರುವವರಲ್ಲಿ ಬಹುಮಂದಿ ಅಂಗಡಿ, ಗಿರಣಿ, ಹೋಟೆಲು, ಹೊಗೆಸೊಪ್ಪಿನ ವ್ಯವಸಾಯಗಳ ಮನೆಗಳಿಂದಲೇ ಬಂದವರು. ಮನೆಯ ಹಿರಿಯರು ಈ ಪೆಟ್ಟಿಗೆಯ ವಿಷಯವನ್ನು ಕೇಳುವುದು ನಮ್ಮನ್ನೇ ಅಲ್ಲವೆ?

ಮೊದಲು ಅಲೆಗಳ ವಿಷಯ. ಗೋಪಾಲಸ್ವಾಮಿಯವರ ಪ್ರಥಮ ಪ್ರೇಷಕ ಯಂತ್ರದ ಶಕ್ತಿ 30 ವಾಟ್. ಅಂಗಡಿಯ ರೂಟರು ಹೊರಸೂಸುವ ಶಕ್ತಿ ಸಾಧಾರಣವಾಗಿ ಒಂದು ವಾಟಿನ ಹತ್ತನೆಯ ಒಂದು ಪಾಲಿನ ಆಸುಪಾಸು. ಅಂದರೆ ಮುನ್ನೂರರಲ್ಲಿ ಒಂದು ಭಾಗ. ಮೈಸೂರು ಆಕಾಶವಾಣಿಯ 100.6 ಮೆಗಾಹರ್ಟ್ಸ್ ಎಫ್. ಎಂ. ಪ್ರಸಾರದ ಒಂದೊಂದು ಅಲೆಯ ಉದ್ದ ಸುಮಾರು 3 ಮೀಟರು. ರೂಟರು ಉಪಯೋಗಿಸುವ ಅಲೆಗಳು ಬಹಳ ಗಿಡ್ಡ. 2.4 ಗಿಗಾಹರ್ಟ್ಸಿನ ಅಲೆ ಸುಮಾರು ಹನ್ನೆರಡೂವರೆ ಸೆಂಟಿಮೀಟರು. 5 ಗಿಗಾಹರ್ಟ್ಸಿನದು ಐದಾರು ಸೆಂಟಿಮೀಟರು ಮಾತ್ರ. ಗಿಡ್ಡ ಅಲೆಯು ಹೆಚ್ಚು ಸಮಾಚಾರವನ್ನು ಬೇಗ ಹೊರುತ್ತದೆ, ಆದರೆ ಗೋಡೆ ಅಡ್ಡ ಬಂದರೆ ಬೇಗ ಸೋಲುತ್ತದೆ. ನೀಳವಾದ ಅಲೆ ನಿಧಾನ, ಆದರೆ ಒಂದೆರಡು ಗೋಡೆಗಳನ್ನು ದಾಟೀತು. ಆದುದರಿಂದಲೇ ಈಗಿನ ಬಹುಪಾಲು ರೂಟರುಗಳಲ್ಲಿ ಎರಡು ತೆರನ ಅಲೆಗಳನ್ನೂ ಇಟ್ಟಿರುತ್ತಾರೆ. ಒಂದು ಸಂಗತಿಯನ್ನು ಮಾತ್ರ ಮರೆಯಬಾರದು. ಅಲೆಗೆ ಅಂಗಡಿಯ ಎಲ್ಲೆಕಟ್ಟು ಗೊತ್ತಿಲ್ಲ. ಅದು ಪಕ್ಕದ ಅಂಗಡಿಗೂ ಹೋಗುತ್ತದೆ, ಎದುರಿನ ಬಸ್ಸು ನಿಲ್ದಾಣದ ಕಲ್ಲುಬೆಂಚಿನವರೆಗೂ ಹೋಗುತ್ತದೆ. ತಂತಿಯ ಕಳ್ಳನು ಒಳಗೆ ಬರಬೇಕಾಗಿತ್ತು. ನಿಸ್ತಂತುವಿನ ಕಳ್ಳನು ಬೀದಿಯಲ್ಲಿ ನಿಂತರೆ ಸಾಕು.

ಇನ್ನು ರೂಟರಿನ ಕೆಲಸ. ನಮ್ಮ ವಿದ್ಯಾರ್ಥಿನಿಲಯಕ್ಕೆ ಬರುವ ಕಾಗದಗಳನ್ನು ನೆನೆಯಿರಿ. ಹೊರಗಿನವರಿಗೆ ತಿಳಿದಿರುವುದು ನಿಲಯದ ಒಂದೇ ವಿಳಾಸ. ಅಂಚೆಯವನು ಎಲ್ಲವನ್ನೂ ಅಲ್ಲಿ ಕೊಟ್ಟು ಹೋಗುತ್ತಾನೆ. ಒಳಗಿರುವ ಜವಾನನು ಇದು ಆರನೆಯ ಕೊಠಡಿಗೆ, ಇದು ಹತ್ತನೆಯ ಕೊಠಡಿಗೆ ಎಂದು ಹಂಚುತ್ತಾನೆ. ರೂಟರು ಮಾಡುವುದೂ ಇದನ್ನೇ. ಅಂತರಜಾಲದ ಹಳೆಯ ಕ್ರಮದಲ್ಲಿ ಒಟ್ಟು ಇರುವ ವಿಳಾಸಗಳು ಸುಮಾರು 430 ಕೋಟಿ. ಲೋಕದ ಎಲ್ಲ ಗಣಕಗಳಿಗೂ ಫೋನುಗಳಿಗೂ ಒಂದೊಂದು ಕೊಡಲು ಅವು ಸಾಲವು. ಆದುದರಿಂದ ಇಡೀ ಅಂಗಡಿಗೆ ಹೊರಗೆ ಒಂದು ವಿಳಾಸ. ಒಳಗಿನ ಗಣಕ, ಫೋನು, ಪ್ರಿಂಟರು, ಕ್ಯಾಮರಾಗಳಿಗೆ 192.168 ಎಂದು ಮೊದಲಾಗುವ ಒಳವಿಳಾಸಗಳು. ಯಾರು ಏನು ಕೇಳಿದರು, ಉತ್ತರ ಯಾರಿಗೆ ಸೇರಬೇಕು ಎಂಬ ಪಟ್ಟಿಯನ್ನು ರೂಟರು ಇಟ್ಟುಕೊಂಡಿರುತ್ತದೆ. ಒಳಗಿನವರು ಕೇಳದೆ ತಾನಾಗಿ ಬಂದ ಕಾಗದವನ್ನು ಹಿಂದಕ್ಕಟ್ಟುವ ಕಾವಲನ್ನೂ ಅದೇ ಮಾಡುತ್ತದೆ. ಈ ಕಾವಲಿಗೆ ಫೈರ್‌ವಾಲ್ ಎಂದು ಹೆಸರು. ಹೀಗೆ ಒಂದೇ ಪೆಟ್ಟಿಗೆಯಲ್ಲಿ ಅಂಚೆ ಹಂಚುವವನೂ ಕಾವಲುಗಾರನೂ ಬಾನುಲಿ ಪ್ರೇಷಕವೂ ಸೇರಿದ್ದಾರೆ. ಇತ್ತೀಚಿನ ಫೈಬರ್ ಸಂಪರ್ಕಗಳಲ್ಲಿ ಬೆಳಕಿನ ಸಂಜ್ಞೆಯನ್ನು ವಿದ್ಯುತ್ ಸಂಜ್ಞೆಯಾಗಿ ಮಾರ್ಪಡಿಸುವ ಕೆಲಸವನ್ನೂ ಅದೇ ಪೆಟ್ಟಿಗೆಗೆ ವಹಿಸಿರುವುದುಂಟು.

ನಮ್ಮ ಕಡೆ ಈ ಪೆಟ್ಟಿಗೆಯ ಅವಶ್ಯಕತೆ ಎಷ್ಟೆಂಬುದನ್ನು ಹೇಳಬೇಕಾದುದಿಲ್ಲ. ಹೊಗೆಸೊಪ್ಪಿನ ಹರಾಜಿನ ವಿಷಯವನ್ನೇ ತೆಗೆದುಕೊಳ್ಳೋಣ. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರ ಮುಂತಾದ ಕಡೆಗಳಲ್ಲಿರುವ ತಂಬಾಕು ಮಂಡಳಿಯ ಮಾರುಕಟ್ಟೆಗಳಲ್ಲಿ ಹಿಂದೆ ಕೂಗಿನಿಂದ ನಡೆಯುತ್ತಿದ್ದ ಹರಾಜು ಈಗ ವಿದ್ಯುನ್ಮಾನ ಪದ್ಧತಿಯಲ್ಲಿ ನಡೆಯುತ್ತದೆ. ಖರೀದಿದಾರನು ಕೈಯಲ್ಲಿ ಹಿಡಿದ ಪುಟ್ಟ ಯಂತ್ರದಲ್ಲಿ ಬೆಲೆಯನ್ನು ಒತ್ತುತ್ತಾನೆ. ಅದು ದೊಡ್ಡ ಸಂಸ್ಥೆಯ ಮಾತಾಯಿತು. ಸಣ್ಣವರನ್ನು ನೋಡಿದರೆ, 2016ರಲ್ಲಿ ಯು.ಪಿ.ಐ. ಪಾವತಿ ಬಂದಿತು, 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆ ಬಂದಿತು, 2022ರಲ್ಲಿ ನಮ್ಮ ರಾಜ್ಯದ ಹಳ್ಳಿಗಳಲ್ಲಿ ‘ಗ್ರಾಮ ಒನ್’ ಕೇಂದ್ರಗಳು ಹಬ್ಬಿದವು. ಬೆಲೆಪಟ್ಟಿ, ತೆರಿಗೆಯ ಲೆಕ್ಕ, ಪಹಣಿಯ ನಕಲು, ಪಿಂಚಣಿಯ ಅರ್ಜಿ ಎಲ್ಲವೂ ಈ ಡಬ್ಬದ ಮುಖಾಂತರವೇ ಹೋಗಿ ಬರತಕ್ಕದ್ದು.

ಆದರೆ ನಾಲ್ಕು ಕಡೆಯ ಅಗತ್ಯವೂ ಒಂದೇ ಬಗೆಯಲ್ಲ. ಹುಣಸೂರಿನ ಸೇವಾಕೇಂದ್ರದಲ್ಲಿ ಮುಖ್ಯವಾದುದು ಜನರ ದಾಖಲೆಗಳ ಗೋಪ್ಯ. ಕೃಷ್ಣರಾಜನಗರದ ಅಕ್ಕಿಗಿರಣಿಯಲ್ಲಿ ದಪ್ಪ ಗೋಡೆ, ತಗಡಿನ ಸೂರು, ಉಗ್ರಾಣಕ್ಕೂ ಕಚೇರಿಗೂ ದೂರ. ಅಲ್ಲಿ ಅಲೆ ತಲಪುವುದೇ ಒಂದು ಪ್ರಶ್ನೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ 1961ರಿಂದ ನೆಲಸಿರುವ ಟಿಬೆಟನ್ನರ ಸ್ವರ್ಣದೇವಾಲಯವನ್ನು ನೋಡಲು ಬರುವ ಪ್ರವಾಸಿಗಳಿಂದ ಅಲ್ಲಿನ ಹೋಟೆಲುಗಳು ತುಂಬಿರುತ್ತವೆ. ಬಂದವರೆಲ್ಲರೂ ಕುಳಿತೊಡನೆ ಕೇಳುವುದು ವೈಫೈಯ ಗುಪ್ತಪದವನ್ನು. ಹೆಗ್ಗಡದೇವನಕೋಟೆಯಲ್ಲಿ ಕಬಿನಿ ಹಿನ್ನೀರಿನ ಬಳಿಯ ತಂಗುಮನೆಗಳಿಗೂ ಅದೇ ಪಾಡು. ಜೊತೆಗೆ, ಮಳೆಗಾಲದಲ್ಲಿ ಮರ ಬಿದ್ದು ವಿದ್ಯುತ್ತೂ ಹೋಗುತ್ತದೆ, ತಂತಿಯೂ ಹರಿಯುತ್ತದೆ.

ಅಪಾಯವು ಎಲ್ಲಿದೆ ಎಂಬುದಕ್ಕೆ ನಾನು ಕಣ್ಣಾರೆ ಕಂಡುದನ್ನು ಹೇಳುತ್ತೇನೆ. ನಮ್ಮ ಕಡೆಯ ಒಂದು ಸೇವಾಕೇಂದ್ರ, ಹೆಸರು ಬೇಡ. ಅಲ್ಲಿ ಗೋಡೆಗೆ ಅಂಟಿಸಿದ ಚೀಟಿಯಲ್ಲಿ ಒಂದರಿಂದ ಎಂಟರವರೆಗಿನ ಅಂಕಿಗಳನ್ನು ಬರೆದಿತ್ತು. ಅದೇ ವೈಫೈಯ ಗುಪ್ತಪದ. ಬಂದ ರೈತರೆಲ್ಲರ ಆಧಾರ್ ಪ್ರತಿ, ಪಹಣಿ, ಬ್ಯಾಂಕಿನ ಪಾಸುಪುಸ್ತಕದ ಮೊದಲ ಪುಟ ಇವನ್ನೆಲ್ಲ ಸ್ಕ್ಯಾನು ಮಾಡಿ ಒಂದು ಕಡತದಲ್ಲಿ ತುಂಬಿದ್ದರು. ಆ ಕಡತವನ್ನು ಅಂಗಡಿಯ ಎರಡು ಗಣಕಗಳೂ ಬಳಸಲಿ ಎಂದು ಹಂಚಿಕೆಗೆ ತೆರೆದಿಟ್ಟಿದ್ದರು. ಹಾಗಾಗಿ, ಹೊರಗೆ ಬೆಂಚಿನ ಮೇಲೆ ಕುಳಿತು ಅದೇ ವೈಫೈಗೆ ಸೇರಿದ ಯಾರೇ ಆಗಲಿ ಮನಸ್ಸು ಮಾಡಿದ್ದರೆ ಅದೆಲ್ಲವನ್ನೂ ತಮ್ಮ ಫೋನಿಗೆ ಎಳೆದುಕೊಳ್ಳಬಹುದಾಗಿತ್ತು. ಇದನ್ನು ಯಜಮಾನರಿಗೆ ವಿನಯದಿಂದ ತಿಳಿಸಿದಾಗ ಅವರು ನಕ್ಕು, “ಕದಿಯಕ್ಕೆ ನಮ್ಮಂಗ್ಡೀಲಿ ಏನದೆ ಬುಡಪ್ಪ” ಎಂದರು. ಅವರದು ಸೌಜನ್ಯದ ಮಾತು. ಆದರೆ ಅಂಗಡಿಯಲ್ಲಿದ್ದುದು ಅವರ ಸ್ವತ್ತಲ್ಲ. ಅದು ಅಕ್ಷರ ಬಾರದೆ ಹೆಬ್ಬೆಟ್ಟೊತ್ತಿ ಹೋದ ನೂರಾರು ಮಂದಿಯ ಸ್ವತ್ತು. ಕಳುವಾದರೆ ಕಳುವಾದುದೇ ಅವರಿಗೆ ತಿಳಿಯದು. ಈ ಲೇಖನವನ್ನು ಬರೆಯಬೇಕೆಂಬ ಯೋಚನೆ ನನಗೆ ಬಂದುದು ಆ ದಿನ.

ಹಾಗೆಂದು ಇಲ್ಲದ ಭಯವನ್ನು ಹುಟ್ಟಿಸುವುದೂ ಸರಿಯಲ್ಲ. ಅಂಗಡಿಯ ವೈಫೈಗೆ ಯಾರೋ ನುಗ್ಗಿದ ಮಾತ್ರಕ್ಕೆ ಬ್ಯಾಂಕಿನ ಹಣವೆಲ್ಲ ಹೋಗಿಬಿಡುವುದಿಲ್ಲ. ಬ್ಯಾಂಕು, ಯು.ಪಿ.ಐ. ಮುಂತಾದುವು ತಮ್ಮ ಸಂದೇಶಗಳನ್ನು ತಾವೇ ಬೇರೆ ಗೂಢಲಿಪಿಯಲ್ಲಿ ಕಟ್ಟಿ ಕಳುಹಿಸುತ್ತವೆ. ದಾರಿಯಲ್ಲಿ ಹಿಡಿದವನಿಗೆ ಅದು ಬಿಡಿಸಲಾಗದ ಗಂಟು. ನಿಜವಾದ ಅಪಾಯಗಳು ನಾಲ್ಕು. ಹಂಚಿಕೆಗೆ ಇಟ್ಟ ಕಡತಗಳನ್ನು ಕದಿಯುವುದು ಒಂದು. ಕ್ಯಾಮರಾ, ಪ್ರಿಂಟರು ಮೊದಲಾದ ದುರ್ಬಲ ಯಂತ್ರಗಳನ್ನು ವಶಪಡಿಸಿಕೊಳ್ಳುವುದು ಎರಡು. ರೂಟರನ್ನೇ ತಿದ್ದಿ, ಒಂದು ಹೆಸರು ಕೇಳಿದರೆ ಬೇರೊಂದು ನಕಲಿ ಪುಟಕ್ಕೆ ದಾರಿ ತೋರಿಸುವಂತೆ ಮಾಡುವುದು ಮೂರು. ನಿಮ್ಮ ಸಂಪರ್ಕದಿಂದ ಅಪರಾಧ ಎಸಗಿ ನಿಮ್ಮನ್ನು ಮುಂದಿಡುವುದು ನಾಲ್ಕು.

ಈ ನಾಲ್ಕನೆಯದಕ್ಕೆ ದೇಶವೇ ಕಂಡ ಉದಾಹರಣೆಯಿದೆ. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಬಾಂಬುಗಳು ಸಿಡಿಯುವುದಕ್ಕೆ ಕೆಲವೇ ನಿಮಿಷಗಳ ಮುಂಚೆ ಬಂದ ಬೆದರಿಕೆಯ ಮಿಂಚಂಚೆಯ ಜಾಡನ್ನು ಪೊಲೀಸರು ಹಿಡಿದು ಹೋದಾಗ ತಲಪಿದ್ದು ನವಿ ಮುಂಬಯಿಯ ಒಂದು ವಸತಿಗೆ. ಅಲ್ಲಿದ್ದವನ ವೈಫೈಗೆ ರಕ್ಷಣೆ ಇರಲಿಲ್ಲ, ಕಳುಹಿಸಿದವರು ಬೇರೆ. ಆದರೂ ವಿಚಾರಣೆಯನ್ನು ಎದುರಿಸಬೇಕಾದವನು ಅವನೇ. ಇದರ ಮರುವರ್ಷ ದೂರಸಂಪರ್ಕ ಇಲಾಖೆಯು ವೈಫೈಗಳನ್ನು ಭದ್ರಪಡಿಸುವಂತೆ ಸೂಚನೆಯನ್ನು ಹೊರಡಿಸಿತು.

ಇನ್ನೊಂದು ನಿದರ್ಶನ ನಮ್ಮ ರಾಜ್ಯದ್ದೇ. 2017ರ ಜುಲೈ ತಿಂಗಳ ಕೊನೆಯಲ್ಲಿ ಬಿ.ಎಸ್.ಎನ್.ಎಲ್. ಸಂಸ್ಥೆಯ ಕರ್ನಾಟಕ ವಲಯದಲ್ಲಿ ಸಾವಿರಾರು ಬ್ರಾಡ್‌ಬ್ಯಾಂಡ್ ಮೋಡೆಮುಗಳು ದುಷ್ಟತಂತ್ರಾಂಶವೊಂದರ ದಾಳಿಗೆ ಸಿಕ್ಕಿ ಕೆಲಸ ನಿಲ್ಲಿಸಿದವು. ಕಾರಖಾನೆಯಿಂದ ಬಂದಾಗ ಇದ್ದ ‘ಅಡ್ಮಿನ್’ ಎಂಬ ಗುಪ್ತಪದವನ್ನು ಬದಲಾಯಿಸದೆ ಬಿಟ್ಟಿದ್ದ ಯಂತ್ರಗಳೇ ಹೀಗೆ ಸಿಕ್ಕಿಬಿದ್ದುದು. ಗುಪ್ತಪದವನ್ನು ಬದಲಾಯಿಸಿಕೊಳ್ಳಿರೆಂದು ಸಂಸ್ಥೆಯು ಗ್ರಾಹಕರನ್ನು ಕೇಳಿಕೊಂಡಿತು. ಅದಕ್ಕೆ ಒಂದು ವರ್ಷ ಮೊದಲು, 2016ರಲ್ಲಿ, ಮಿರಾಯ್ ಎಂಬ ತಂತ್ರಾಂಶವು ಇದೇ ದಾರಿಯಿಂದ ಲೋಕದಾದ್ಯಂತ ಲಕ್ಷಾಂತರ ಕ್ಯಾಮರಾ ಮತ್ತು ರೂಟರುಗಳನ್ನು ಹಿಡಿದು ಗುಲಾಮರ ದಂಡಿನಂತೆ ಬಳಸಿಕೊಂಡಿತ್ತು. ದಾಳಿ ಮಾಡುವವನು ನಿಮ್ಮ ಅಂಗಡಿಯನ್ನು ಆರಿಸಿಕೊಂಡು ಬರುವುದಿಲ್ಲವೆಂಬುದನ್ನು ಇದರಿಂದ ತಿಳಿಯಬಹುದು. ಯಂತ್ರವೊಂದು ಲೋಕದ ಬಾಗಿಲುಗಳನ್ನೆಲ್ಲ ಸಾಲಾಗಿ ತಟ್ಟುತ್ತ ಬರುತ್ತದೆ. ತೆರೆದುಕೊಂಡದ್ದರ ಒಳಗೆ ನುಗ್ಗುತ್ತದೆ. ‘ನಾವು ಸಣ್ಣವರು, ನಮ್ಮ ಗೊಡವೆಗೆ ಯಾರು ಬರುತ್ತಾರೆ’ ಎಂಬ ಸಮಾಧಾನ ಇಲ್ಲಿ ನಡೆಯದು.

ಇನ್ನು ಒಳ್ಳೆಯ ರೂಟರಿನ ಲಕ್ಷಣಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಗೂಢಲಿಪಿ. ಗಾಳಿಯಲ್ಲಿ ಹೋಗುವ ಮಾತನ್ನು ಯಾರೂ ಕೇಳಬಹುದಾದುದರಿಂದ ಅದನ್ನು ಗೂಢವಾಗಿಸುವುದೊಂದೇ ಉಪಾಯ. 1997ರಲ್ಲಿ ನಿಸ್ತಂತು ಜಾಲದ ಮೊದಲ ಮಾನಕದೊಡನೆ ಬಂದ ‘ವೆಪ್’ ಎಂಬ ಕ್ರಮದ ದೋಷವನ್ನು 2001ರಲ್ಲಿ ಫ್ಲೂರರ್, ಮಾಂಟಿನ್, ಶಮೀರ್ ಎಂಬ ಮೂವರು ವಿದ್ವಾಂಸರು ತೋರಿಸಿಕೊಟ್ಟರು. 2003ರಲ್ಲಿ ಡಬ್ಲ್ಯು.ಪಿ.ಎ. ಎಂಬ ತಾತ್ಕಾಲಿಕ ಪರಿಹಾರವೂ 2004ರಲ್ಲಿ ಡಬ್ಲ್ಯು.ಪಿ.ಎ.2 ಎಂಬ ಗಟ್ಟಿಯಾದ ಕ್ರಮವೂ ಬಂದವು. 2017ರಲ್ಲಿ ಬೆಲ್ಜಿಯಂ ದೇಶದ ಸಂಶೋಧಕ ಮ್ಯಾಥಿ ವಾನ್‌ಹೂಫ್ ಅದರಲ್ಲಿಯೂ ಒಂದು ಬಿರುಕನ್ನು ಕಂಡುಹಿಡಿದರು. ತಂತ್ರಾಂಶವನ್ನು ನವೀಕರಿಸಿ ಅದನ್ನು ಮುಚ್ಚಲು ಸಾಧ್ಯವಾಯಿತು. 2018ರಲ್ಲಿ ಡಬ್ಲ್ಯು.ಪಿ.ಎ.3 ಪ್ರಕಟವಾಯಿತು. ಹೊಸದಾಗಿ ಕೊಳ್ಳುವವರು ಈ ಮೂರನೆಯದು ಇರುವ ರೂಟರನ್ನೇ ಕೇಳಬೇಕು. ಹಳೆಯದು ಇರುವವರು ಎರಡನೆಯದನ್ನಾದರೂ ಇಟ್ಟುಕೊಳ್ಳಬೇಕು. ‘ವೆಪ್’ ಮಾತ್ರ ಬಲ್ಲ ರೂಟರಿದ್ದರೆ ಅದು ಗುಜರಿಗೆ ಯೋಗ್ಯ.

ಎರಡನೆಯದಕ್ಕೂ ಮೂರನೆಯದಕ್ಕೂ ಇರುವ ಭೇದವು ಮುಖ್ಯ. ಡಬ್ಲ್ಯು.ಪಿ.ಎ.2ರಲ್ಲಿ ಫೋನು ರೂಟರಿಗೆ ಸೇರುವಾಗ ನಡೆಯುವ ಕೈಕುಲುಕಾಟವನ್ನು ಕಳ್ಳನು ಗಾಳಿಯಿಂದ ಹಿಡಿದು ಮನೆಗೆ ಕೊಂಡೊಯ್ಯಬಹುದು. ಅಲ್ಲಿ ನಿಧಾನವಾಗಿ ಒಂದೊಂದೇ ಗುಪ್ತಪದವನ್ನು ಹಾಕಿ ನೋಡಬಹುದು. ಸಾಧಾರಣವಾದ ಒಂದು ಗ್ರಾಫಿಕ್ಸ್ ಕಾರ್ಡು ಸೆಕೆಂಡಿಗೆ ನಾಲ್ಕು ಲಕ್ಷ ಗುಪ್ತಪದಗಳನ್ನು ಪರೀಕ್ಷಿಸುವುದೆಂದು ಇಟ್ಟುಕೊಂಡು ಲೆಕ್ಕ ಮಾಡೋಣ. ಎಂಟು ಅಂಕಿಗಳ ಗುಪ್ತಪದಗಳು ಒಟ್ಟು 10 ಕೋಟಿ. ಎಲ್ಲವನ್ನೂ ನೋಡಿ ಮುಗಿಸಲು 250 ಸೆಕೆಂಡು ಸಾಕು. ಅಂದರೆ ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು. ನಮ್ಮ ಅಂಗಡಿಗಳಲ್ಲಿ ಬಹುಮಂದಿ ತಮ್ಮ ಮೊಬೈಲು ಸಂಖ್ಯೆಯನ್ನೇ ಗುಪ್ತಪದವಾಗಿ ಇಡುತ್ತಾರೆ. ಆರು, ಏಳು, ಎಂಟು, ಒಂಬತ್ತರಿಂದ ಮೊದಲಾಗುವ ಹತ್ತಂಕಿಯ ಸಂಖ್ಯೆಗಳು 400 ಕೋಟಿ. ಅದಕ್ಕೆ 10,000 ಸೆಕೆಂಡು, ಎಂದರೆ ಮೂರು ಗಂಟೆಗೂ ಕಡಮೆ. ಅಂಗಡಿಯ ಫಲಕದ ಮೇಲೆ ಅದೇ ಸಂಖ್ಯೆ ಬರೆದಿದ್ದರೆ ಅಷ್ಟು ಶ್ರಮವೂ ಬೇಡ!

ಹಾಗಾದರೆ ಎಂತಹ ಗುಪ್ತಪದವಿರಬೇಕು? ನಮ್ಮ ಮಾತೃಭಾಷೆಯೇ ಇಲ್ಲಿ ಸಹಾಯಕ್ಕೆ ಬರುತ್ತದೆ. ಐದು ಸಾವಿರ ಕನ್ನಡ ಪದಗಳ ಪಟ್ಟಿಯಿಂದ ಚೀಟಿ ಎತ್ತಿದಂತೆ ನಾಲ್ಕು ಪದಗಳನ್ನು ಆರಿಸಿ, ಒಂದಕ್ಕೊಂದು ಸಂಬಂಧವಿಲ್ಲದ ಒನಕೆ, ಮುಂಗಾರು, ಗಡಿಯಾರ, ಹುರುಳಿ ಎಂಬಂತೆ, ಇಂಗ್ಲಿಷ್ ಅಕ್ಷರಗಳಲ್ಲಿ ಜೋಡಿಸಿ ಬರೆದರೆ, ಪಟ್ಟಿ ಕಳ್ಳನ ಕೈಯಲ್ಲಿಯೇ ಇದ್ದರೂ ಎಲ್ಲ ಜೋಡಣೆಗಳನ್ನು ನೋಡಿ ಮುಗಿಸಲು ಆ ಒಂದು ಯಂತ್ರಕ್ಕೆ 49 ವರ್ಷ ಹಿಡಿಯುತ್ತದೆ. ನೂರು ಯಂತ್ರ ಹೂಡುವ ಶ್ರೀಮಂತ ಕಳ್ಳನಿಗೆ ಆರು ತಿಂಗಳು ಸಾಕಾದೀತು. ಆದುದರಿಂದ ಇನ್ನೊಂದು ಪದವನ್ನು ಸೇರಿಸಿ ಐದು ಮಾಡಿರಿ. ಆಗ ಒಂದು ಯಂತ್ರಕ್ಕೆ ಸುಮಾರು ಎರಡೂವರೆ ಲಕ್ಷ ವರ್ಷ. ನೆನಪಿಡಲೂ ಸುಲಭ, ಮುರಿಯಲೂ ಕಷ್ಟ. ಪದಗಳನ್ನು ನೀವೇ ಆರಿಸಬೇಕಾದುದು ಮಾತ್ರ ಅಗತ್ಯ. ನಾನು ಬರೆದ ನಾಲ್ಕನ್ನು ಯಾರೂ ಇಟ್ಟುಕೊಳ್ಳಬಾರದು. ಡಬ್ಲ್ಯು.ಪಿ.ಎ.3ರಲ್ಲಿ ಈ ಮನೆಗೊಯ್ದು ಪರೀಕ್ಷಿಸುವ ಉಪಾಯಕ್ಕೆ ಎಡೆಯಿಲ್ಲ. ಒಂದೊಂದು ಊಹೆಯನ್ನೂ ರೂಟರಿನ ಮುಂದೆ ಬಂದೇ ಒಪ್ಪಿಸಬೇಕು.

ಎರಡನೆಯದು ಒಂದು ಗುಂಡಿಯ ವಿಷಯ. ಅನೇಕ ರೂಟರುಗಳಲ್ಲಿ ಡಬ್ಲ್ಯು.ಪಿ.ಎಸ್. ಎಂಬ ಸೌಕರ್ಯವಿರುತ್ತದೆ, ಗುಪ್ತಪದದ ಬದಲು ಎಂಟಂಕಿಯ ಒಂದು ಸಂಖ್ಯೆಯಿಂದ ಸೇರಬಹುದು. ಎಂಟಂಕಿ ಎಂದರೆ 10 ಕೋಟಿ ಸಾಧ್ಯತೆಗಳಲ್ಲವೆ ಎಂದು ತೋರಬಹುದು. ಆದರೆ ಕೊನೆಯ ಅಂಕಿಯು ಮಿಕ್ಕ ಏಳರಿಂದ ಲೆಕ್ಕಹಾಕಿ ಬರುವ ತಾಳೆಯ ಅಂಕಿ. ಹಾಗಾಗಿ ಉಳಿದದ್ದು ಒಂದು ಕೋಟಿ. ಮೇಲಾಗಿ ರೂಟರು ಮೊದಲ ನಾಲ್ಕು ಸರಿಯೇ ಎಂಬುದನ್ನು ಬೇರೆಯಾಗಿಯೂ ಉಳಿದ ಮೂರನ್ನು ಬೇರೆಯಾಗಿಯೂ ಹೇಳಿಬಿಡುತ್ತದೆ. ಆದುದರಿಂದ 10,000ಕ್ಕೆ 1,000 ಸೇರಿಸಿ 11,000 ಪ್ರಯತ್ನಗಳಲ್ಲಿ ಬೀಗ ತೆರೆಯುತ್ತದೆ. ಒಂದಕ್ಕೆ ಮೂರು ಸೆಕೆಂಡೆಂದರೂ ರಾತ್ರಿ ಒಂಬತ್ತಕ್ಕೆ ತೊಡಗಿದವನು ಬೆಳಗಿನ ಆರು ಗಂಟೆಯ ಹೊತ್ತಿಗೆ ಒಳಗಿರುತ್ತಾನೆ. ಈ ದೋಷ 2011ರ ಡಿಸೆಂಬರಿನಲ್ಲಿ ಬಹಿರಂಗವಾಯಿತು. ಮುಂಬಾಗಿಲಿಗೆ ಎಷ್ಟು ದೊಡ್ಡ ಬೀಗವಿದ್ದರೇನು, ಹಿತ್ತಿಲ ಬಾಗಿಲಿಗೆ ದಾರದ ಗಂಟು ಹಾಕಿದ್ದರೆ? ಈ ಸೌಕರ್ಯವನ್ನು ನಿಲ್ಲಿಸುವ ಅವಕಾಶವುಳ್ಳ ರೂಟರನ್ನೇ ಕೊಂಡು, ಅದನ್ನು ನಿಲ್ಲಿಸಿಬಿಡಬೇಕು.

ಮೂರನೆಯದು ಅತಿಥಿ ಜಾಲ. ಮನೆಗೆ ಬಂದ ನೆಂಟರನ್ನು ಪಡಸಾಲೆಯಲ್ಲಿ ಕುಳ್ಳಿರಿಸಿ ಆದರಿಸುತ್ತೇವೆ. ಉಗ್ರಾಣದ ಬೀಗದ ಕೈಯನ್ನು ಕೊಡುವುದಿಲ್ಲ. ಬೈಲುಕುಪ್ಪೆಯ ಹೋಟೆಲು, ಕಬಿನಿಯ ತಂಗುಮನೆ, ಹುಣಸೂರಿನ ಸೇವಾಕೇಂದ್ರ ಇವೆಲ್ಲಕ್ಕೂ ಅತ್ಯಗತ್ಯವಾದ ಲಕ್ಷಣ ಇದು. ಒಂದೇ ರೂಟರಿನಿಂದ ಎರಡು ಹೆಸರಿನ ವೈಫೈ ಹೊರಡುತ್ತದೆ. ಒಂದು ಅಂಗಡಿಯ ಗಣಕಗಳಿಗೆ, ಇನ್ನೊಂದು ಬಂದುಹೋಗುವವರಿಗೆ. ಎರಡನೆಯದಕ್ಕೆ ಸೇರಿದವರು ಅಂತರಜಾಲವನ್ನು ನೋಡಬಹುದೇ ಹೊರತು ಅಂಗಡಿಯ ಕಡತಗಳನ್ನಾಗಲಿ ಪ್ರಿಂಟರನ್ನಾಗಲಿ ನೋಡಲಾರರು. ಅತಿಥಿಗಳು ಒಬ್ಬರ ಫೋನಿಗೆ ಒಬ್ಬರು ಕೈಹಾಕದಂತೆ ಬೇರ್ಪಡಿಸುವ ಸೌಲಭ್ಯವೂ ಇರಬೇಕು. ಕ್ಯಾಮರಾಗಳನ್ನೂ ಈ ಹೊರಜಾಲದಲ್ಲಿಯೇ ಇಡುವುದು ಮೇಲು. ಇನ್ನು ಕೆಲಸದ ಹುಡುಗನು ಬಿಟ್ಟುಹೋದ ದಿನ ಒಳಜಾಲದ ಗುಪ್ತಪದವನ್ನು ಬದಲಾಯಿಸತಕ್ಕದ್ದು. ಅವನ ಮೇಲಿನ ಸಂದೇಹಕ್ಕಾಗಿ ಅಲ್ಲ; ಮುಂದೆ ಏನಾದರೂ ಹೆಚ್ಚುಕಡಮೆಯಾದರೆ ಅವನ ಮೇಲೆ ಸಂದೇಹ ಬಾರದಿರಲೆಂದು.

ನಾಲ್ಕನೆಯದು ರೂಟರಿನದೇ ಯಜಮಾನಿಕೆ. ವೈಫೈಗೆ ಸೇರುವ ಗುಪ್ತಪದ ಬೇರೆ, ರೂಟರನ್ನು ಆಳುವ ಗುಪ್ತಪದ ಬೇರೆ. ನಮ್ಮಲ್ಲಿ ಬಹುಮಂದಿಗೆ ಎರಡನೆಯದು ಇದೆಯೆಂಬುದೇ ತಿಳಿಯದು. ರಾಜ್ಯದ ಮೋಡೆಮುಗಳು 2017ರಲ್ಲಿ ಕೆಟ್ಟದ್ದು ಈ ಎರಡನೆಯದನ್ನು ಬದಲಾಯಿಸದ್ದರಿಂದ. ಒಳ್ಳೆಯ ರೂಟರು ಮೊದಲ ದಿನವೇ ಇದನ್ನು ಬದಲಾಯಿಸುವಂತೆ ಒತ್ತಾಯಿಸುತ್ತದೆ. ಜೊತೆಗೆ, ದೂರದಿಂದ ಆಳುವ ಅವಕಾಶವನ್ನು ಮುಚ್ಚಿರಬೇಕು. ಕ್ಯಾಮರಾದ ದೃಶ್ಯವನ್ನು ಮನೆಯಿಂದ ನೋಡಬೇಕೆಂಬ ಆಸೆಗೆ ಫೈರ್‌ವಾಲಿನಲ್ಲಿ ಕಂಡಿ ತೆರೆದುಬಿಡುವವರಿದ್ದಾರೆ. ನಾವು ನೋಡಲು ಬಿಟ್ಟ ಕಂಡಿಯಿಂದ ಲೋಕವೆಲ್ಲ ಇಣುಕುತ್ತದೆ.

ಐದನೆಯದು ನವೀಕರಣ. ರೂಟರಿನೊಳಗೂ ಒಂದು ತಂತ್ರಾಂಶವಿದೆ. ಅದರಲ್ಲಿ ಕಾಲಕಾಲಕ್ಕೆ ದೋಷಗಳು ಕಾಣಿಸಿಕೊಳ್ಳುತ್ತವೆ. 2018ರಲ್ಲಿ ಒಂದೇ ದುಷ್ಟತಂತ್ರಾಂಶವು 54 ದೇಶಗಳಲ್ಲಿ ಐದು ಲಕ್ಷಕ್ಕೂ ಮಿಕ್ಕ ರೂಟರುಗಳಲ್ಲಿ ಸೇರಿಕೊಂಡಿದ್ದುದು ಹೊರಬಿತ್ತು. ತಾನಾಗಿಯೇ ನವೀಕರಣವನ್ನು ಪಡೆಯುವ ರೂಟರು ಉತ್ತಮ. ಕೊಳ್ಳುವಾಗ ‘ಎಷ್ಟು ವರ್ಷ ನವೀಕರಣ ಕೊಡುತ್ತೀರಿ?’ ಎಂದು ಕೇಳಿ ಕೊಳ್ಳಬೇಕು. ಹತ್ತು ವರ್ಷದ ಹಳೆಯ ಡಬ್ಬವನ್ನು ‘ಇನ್ನೂ ಓಡುತ್ತದೆ’ ಎಂದು ಇಟ್ಟುಕೊಳ್ಳುವುದು ಉಳಿತಾಯವಲ್ಲ. ದೂರಸಂಪರ್ಕ ಇಲಾಖೆಗೆ ಸೇರಿದ, ಬೆಂಗಳೂರಿನಲ್ಲಿರುವ ರಾಷ್ಟ್ರೀಯ ಸಂಪರ್ಕ ಸುರಕ್ಷಾ ಕೇಂದ್ರವು ವೈಫೈ ರೂಟರುಗಳಿಗೆ ಇರಬೇಕಾದ ಸುರಕ್ಷೆಯ ಲಕ್ಷಣಗಳನ್ನು ಪಟ್ಟಿ ಮಾಡಿ ಪ್ರಕಟಿಸಿದೆ ಎಂಬುದು ನಮಗೆ ಹೆಮ್ಮೆಯ ಸಂಗತಿ.

ಆರನೆಯದು ಸುರಂಗ ಮಾರ್ಗ, ವಿ.ಪಿ.ಎನ್. ಎಂದು ಕರೆಯುವರು. ಕೃಷ್ಣರಾಜನಗರದಲ್ಲಿ ಗಿರಣಿ, ಮೈಸೂರಿನಲ್ಲಿ ಮಾರಾಟದ ಮಳಿಗೆ ಇರುವ ವ್ಯಾಪಾರಿಗೆ ಎರಡು ಕಡೆಯ ಲೆಕ್ಕವೂ ಒಂದೇ ಆಗಬೇಕು. ಎರಡು ರೂಟರುಗಳ ನಡುವೆ ಗೂಢಲಿಪಿಯ ಸುರಂಗವೊಂದನ್ನು ನಿರ್ಮಿಸಿಕೊಂಡರೆ ನಡುವಣ ಅಂತರಜಾಲದಲ್ಲಿ ಯಾರೂ ಒಳಗೆ ಇಣುಕಲಾರರು. ಮನೆಯ ಉಪಯೋಗದ ಅಗ್ಗದ ರೂಟರಿಗೂ ವ್ಯಾಪಾರದ ರೂಟರಿಗೂ ಇರುವ ದೊಡ್ಡ ವ್ಯತ್ಯಾಸಗಳಲ್ಲಿ ಇದೂ ಒಂದು. ಆದರೆ ಒಂದೇ ಅಂಗಡಿಯಿರುವವರು ಇದಕ್ಕಾಗಿ ಹಣ ತೆರಬೇಕಾಗಿಲ್ಲ.

ಏಳನೆಯದು ಕೆಡದೆ ನಡೆಯುವ ಗುಣ. ಭದ್ರತೆ ಎಂದರೆ ಕಳ್ಳನಿಂದ ಮಾತ್ರವಲ್ಲ, ಮಳೆಯಿಂದಲೂ ಭದ್ರತೆ. ಹೆಗ್ಗಡದೇವನಕೋಟೆಯಂತಹ ಕಡೆ ಮೊಬೈಲು ಸಿಮ್ ಹಾಕುವ ಸೌಕರ್ಯವಿರುವ ರೂಟರು ಉಪಯುಕ್ತ. ಫೈಬರ್ ತಂತಿ ಹರಿದರೆ ತಾನೇ ಮೊಬೈಲಿನ ಸಂಪರ್ಕಕ್ಕೆ ಬದಲಾಯಿಸಿಕೊಳ್ಳುತ್ತದೆ. ಬಹುಪಾಲು ಸಣ್ಣ ರೂಟರುಗಳು 12 ವೋಲ್ಟಿನಲ್ಲಿ ನಡೆಯತಕ್ಕವು, ಹತ್ತು ಹನ್ನೆರಡು ವಾಟಿಗಿಂತ ಹೆಚ್ಚು ಬೇಡುವುದಿಲ್ಲ. ಅದಕ್ಕೆಂದೇ ಸಿಗುವ ಪುಟ್ಟ ಬ್ಯಾಟರಿಯ ಯು.ಪಿ.ಎಸ್. ಒಂದಿದ್ದರೆ ಕರೆಂಟು ಹೋದಾಗಲೂ ಕೆಲವು ಗಂಟೆ ಕೆಲಸ ಸಾಗುತ್ತದೆ. ಇರಿಸುವ ಜಾಗವೂ ಮುಖ್ಯ. ಕಬ್ಬಿಣದ ಬೀರುವಿನ ಹಿಂದೆಯೋ ಮೂಟೆಗಳ ನಡುವೆಯೋ ಇಡದೆ, ಎತ್ತರದಲ್ಲಿ, ಅಂಗಡಿಯ ನಡುಭಾಗದಲ್ಲಿ ಇಟ್ಟರೆ ಅಲೆ ಒಳಗೆ ಚೆನ್ನಾಗಿ ಹರಡುತ್ತದೆ, ಬೀದಿಗೆ ಕಡಮೆ ಹೋಗುತ್ತದೆ. ಅಕ್ಕಿಗಿರಣಿಯ ಉಗ್ರಾಣಕ್ಕೆ ತಂತಿ ಎಳೆದು ಅಲ್ಲಿ ಇನ್ನೊಂದು ಪ್ರೇಷಕವನ್ನು ನಿಲ್ಲಿಸುವುದು, ಒಂದನ್ನೇ ನಂಬಿ ಕೊಂಬು ತಿರುಗಿಸುತ್ತ ಕೂರುವುದಕ್ಕಿಂತ ಲೇಸು.

ವೇಗದ ಮಾತನ್ನು ಕೊನೆಗಿಟ್ಟಿದ್ದೇನೆ. ಏಕೆಂದರೆ ಮಾರುವವರು ಮೊದಲು ಹೇಳುವುದು ಅದನ್ನೇ. ಒಂದು ಯು.ಪಿ.ಐ. ಪಾವತಿಗೆ ಬೇಕಾದ ಸಮಾಚಾರ ಅತ್ಯಲ್ಪ. ಬಿಲ್ಲು, ತೆರಿಗೆಯ ಅರ್ಜಿಗಳಿಗೂ ಹೆಚ್ಚು ಬೇಡ. ಸಣ್ಣ ಅಂಗಡಿಗೆ ಬೇಕಾದುದು ಅಪಾರ ವೇಗವಲ್ಲ, ಎಡೆಬಿಡದ ಸಂಪರ್ಕ. ಡಬ್ಬದ ಮೇಲೆ ಅಚ್ಚಾದ ದೊಡ್ಡ ಅಂಕಿಗೆ ಮರುಳಾಗಿ ಹಣ ತೆರುವ ಬದಲು ಅದೇ ಹಣವನ್ನು ಅತಿಥಿ ಜಾಲಕ್ಕೂ ನವೀಕರಣಕ್ಕೂ ತೆರುವುದು ಜಾಣತನ.

ಮೇಲಿನ ಏಳರಲ್ಲಿ ನಾಲ್ಕು ಲಕ್ಷಣಗಳಿಗೆ ಹೊಸ ಖರ್ಚೇ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಗಟ್ಟಿಯಾದ ಗುಪ್ತಪದ, ಡಬ್ಲ್ಯು.ಪಿ.ಎಸ್. ನಿಲ್ಲಿಸುವುದು, ಯಜಮಾನಿಕೆಯ ಗುಪ್ತಪದ ಬದಲಾಯಿಸುವುದು, ನವೀಕರಣ ಇವು ಹೆಚ್ಚು ಕಡಮೆ ಎಲ್ಲ ರೂಟರುಗಳಲ್ಲಿಯೂ ಆಗಲೇ ಇವೆ. ಅತಿಥಿ ಜಾಲವೂ ಈಗ ಅಗ್ಗದವುಗಳಲ್ಲಿಯೇ ಬರುತ್ತಿದೆ. ಬೇಕಾದುದು ಅರ್ಧ ಗಂಟೆಯ ಬಿಡುವು, ಪಕ್ಕದಲ್ಲಿ ಕುಳಿತು ತೋರಿಸಿಕೊಡುವ ಒಬ್ಬ ಓದಿದ ಹುಡುಗ ಅಥವಾ ಹುಡುಗಿ. 2020ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವು ಒಪ್ಪಿಗೆ ಕೊಟ್ಟ ‘ಪಿ.ಎಂ. ವಾಣಿ’ ಯೋಜನೆಯ ಮೇರೆಗೆ ಚಹದ ಅಂಗಡಿಯವರೂ ಪರವಾನಗಿಯಿಲ್ಲದೆ ಸಾರ್ವಜನಿಕರಿಗೆ ವೈಫೈಯನ್ನು ಮಾರಬಹುದಾಗಿದೆ. ಅಂತಹವರ ಸಂಖ್ಯೆ ಬೆಳೆದಂತೆಲ್ಲ ಈ ತಿಳಿವಳಿಕೆಯ ಅಗತ್ಯವೂ ಬೆಳೆಯುತ್ತದೆ.

ನನ್ನದೊಂದು ಸೂಚನೆ. ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳಲ್ಲಿ ರಸ್ತೆ ಗುಡಿಸುತ್ತೇವೆ, ಗಿಡ ನೆಡುತ್ತೇವೆ. ಅವು ಒಳ್ಳೆಯ ಕೆಲಸಗಳೇ. ಅದರೊಡನೆ ಒಂದು ದಿನ ಮೂರು ನಾಲ್ಕು ಮಂದಿಯ ತಂಡಗಳಾಗಿ ಪೇಟೆಗೆ ಹೋಗಿ, ಒಪ್ಪಿದ ಅಂಗಡಿಗಳಲ್ಲಿ ಮಾಲೀಕರ ಕೈಯಲ್ಲಿಯೇ ಈ ನಾಲ್ಕು ಬದಲಾವಣೆಗಳನ್ನು ಮಾಡಿಸಿ ಬರಬಹುದು. ಹೊಸ ಗುಪ್ತಪದವನ್ನು ನಾವು ನೋಡದಂತೆ ತಿರುಗಿ ನಿಲ್ಲುವುದನ್ನು ಮಾತ್ರ ಮರೆಯಬಾರದು. ಹಣದ ವಂಚನೆ ಆಗಿಯೇ ಹೋದರೆ ತಡಮಾಡದೆ 1930 ಎಂಬ ಸಂಖ್ಯೆಗೆ ದೂರು ಕೊಡಬೇಕೆಂಬುದನ್ನೂ ಹೇಳಿಬರಬಹುದು. ಅಧ್ಯಾಪಕ ಮಹನೀಯರು ಇದನ್ನು ಪರಿಶೀಲಿಸಿ ಅನುಮತಿಯಿತ್ತರೆ ಮುಂದಿನ ವರ್ಷದ ಸಂಚಿಕೆಯಲ್ಲಿ ಎಷ್ಟು ಅಂಗಡಿಗಳ ಕೆಲಸ ಮುಗಿಯಿತೆಂಬ ವರದಿಯನ್ನು ಯಾರಾದರೂ ಬರೆಯಬಹುದೆಂದು ಆಶಿಸುತ್ತೇನೆ.